ಏಡ್ಸ್: ತೆರೆಯ ಮೇಲೆ ಬಾರದ ಮುಖಗಳು

ಡಿಸೆಂಬರ್ 1 ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಏಡ್ಸ್ ದಿನಾಚರಣೆ ನಡೆಯುತ್ತದೆ. ಕೆಂಪು ರಿಬ್ಬನ್, ಒಂದು ಜಾಥಾ, ಒಂದು ಉಪನ್ಯಾಸ. ಕೆಲವು ವರ್ಷಗಳ ಹಿಂದೆ ಅಂಥದೊಂದು ಕಾರ್ಯಕ್ರಮದಲ್ಲಿ ನಾವೂ ಕುಳಿತಿದ್ದೆವು. ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿದರು. ಶೀಲವಂತರಿಗೆ ಈ ರೋಗದ ಭಯವಿಲ್ಲ ಎಂಬುದು ಅವರ ಮಾತಿನ ಸಾರ. ಆ ಬಳಿಕ ವಿದ್ಯಾರ್ಥಿಗಳಿಗೆ 'ಫಿಲಡೆಲ್ಫಿಯಾ' ಚಲನಚಿತ್ರ ತೋರಿಸಿದರು. ಚಿತ್ರ ಮುಗಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಅಮೆರಿಕದಲ್ಲಿ ಈ ರೋಗ ಬಿಳಿಯರಿಗೇ ಹೆಚ್ಚಾ?" ಎಂದು ಕೇಳಿದ. ಸಭೆ ನಕ್ಕಿತು. ಅತಿಥಿಗಳೂ ನಕ್ಕು, "ರೋಗಕ್ಕೆ ಬಣ್ಣ ಉಂಟಾ ಮಾರಾಯ?" ಎಂದರು. ಹುಡುಗ ಪೆಚ್ಚಾಗಿ ಕುಳಿತ.

ಅಂದು ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ ಎಂದು ನಮಗೆ ಈಗಲೂ ಅನಿಸುತ್ತದೆ. ವೈರಸ್ಸಿಗೆ ಬಣ್ಣ ಗೊತ್ತಿಲ್ಲ, ನಿಜ. ಆದರೆ ಅದು ಯಾರ ಕೇರಿಯಲ್ಲಿ ನೆಲೆಯೂರುತ್ತದೆ, ಯಾರಿಗೆ ಮದ್ದು ಸಿಗುತ್ತದೆ, ಯಾರ ಸಾವು ಸಿನಿಮಾ ಆಗುತ್ತದೆ ಎಂಬುದಕ್ಕೆಲ್ಲ ಬಣ್ಣವಿದೆ. ವಯಸ್ಸೂ ಇದೆ.

ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಇದು. 2021ರಲ್ಲಿ ಅಮೆರಿಕದಲ್ಲಿ 36,136 ಮಂದಿಗೆ ಹೊಸದಾಗಿ ಎಚ್‌ಐವಿ ಇರುವುದು ಪತ್ತೆಯಾಯಿತು. ಅವರಲ್ಲಿ ಶೇಕಡಾ 40ರಷ್ಟು ಮಂದಿ ಕರಿಯರು. ಆ ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಕೇವಲ ಶೇಕಡಾ 12. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ಒಂದು ಲೆಕ್ಕ ಮುಂದಿಟ್ಟಿತು. ಸೋಂಕಿನ ಅಂದಿನ ಪ್ರಮಾಣ ಹೀಗೆಯೇ ಮುಂದುವರಿದರೆ ಜೀವಮಾನದಲ್ಲಿ 132 ಬಿಳಿಯ ಗಂಡಸರಲ್ಲಿ ಒಬ್ಬನಿಗೆ ಎಚ್‌ಐವಿ ತಗಲಬಹುದು. ಕರಿಯ ಗಂಡಸರಲ್ಲಾದರೆ 20 ಮಂದಿಯಲ್ಲಿ ಒಬ್ಬನಿಗೆ. ಹೆಂಗಸರ ವಿಷಯದಲ್ಲಿ ಅಂತರ ಇನ್ನೂ ಭೀಕರ. ಬಿಳಿಯ ಹೆಂಗಸರಲ್ಲಿ 880ಕ್ಕೆ ಒಬ್ಬಳು, ಕರಿಯ ಹೆಂಗಸರಲ್ಲಿ 48ಕ್ಕೆ ಒಬ್ಬಳು. ಸಲಿಂಗಿಗಳಾದ ಕರಿಯ ಗಂಡಸರಲ್ಲಂತೂ ಇಬ್ಬರಲ್ಲಿ ಒಬ್ಬ.

ಈ ಲೆಕ್ಕಗಳನ್ನು ಪಕ್ಕದಲ್ಲಿಟ್ಟುಕೊಂಡು 'ಫಿಲಡೆಲ್ಫಿಯಾ'ವನ್ನು ಮತ್ತೊಮ್ಮೆ ನೋಡಬೇಕು. ಜೊನಾಥನ್ ಡೆಮಿ ನಿರ್ದೇಶನದ ಈ ಚಿತ್ರ ಬಂದದ್ದು 1993ರಲ್ಲಿ. ದೊಡ್ಡ ಕಂಪೆನಿಯೊಂದರ ವಕೀಲ ಆಂಡ್ರ್ಯೂ ಬೆಕೆಟ್‌ಗೆ ಏಡ್ಸ್ ಇರುವುದು ಗೊತ್ತಾಗಿ ಕೆಲಸ ಹೋಗುತ್ತದೆ. ಅವನ ಪರವಾಗಿ ವಾದಿಸುವವನು ಜೋ ಮಿಲ್ಲರ್ ಎಂಬ ಕರಿಯ ವಕೀಲ. ಬೆಕೆಟ್ ಆಗಿ ಟಾಮ್ ಹ್ಯಾಂಕ್ಸ್, ಮಿಲ್ಲರ್ ಆಗಿ ಡೆನ್ಝೆಲ್ ವಾಷಿಂಗ್ಟನ್. ಹ್ಯಾಂಕ್ಸ್‌ಗೆ ಆಸ್ಕರ್ ಬಂತು. ಚಿತ್ರ ಪ್ರಾಮಾಣಿಕವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ನಿಜಕ್ಕೂ ಏಡ್ಸ್ ಇದ್ದ ಹಲವರಿಗೆ ಅದರಲ್ಲಿ ಸಣ್ಣಪುಟ್ಟ ಪಾತ್ರ ಕೊಟ್ಟಿದ್ದರು. ನ್ಯಾಯಾಲಯದ ದೃಶ್ಯದಲ್ಲಿ, ರಕ್ತ ಪಡೆದು ಸೋಂಕಿಗೆ ಒಳಗಾದ ಹೆಂಗಸೊಬ್ಬಳು ಸಾಕ್ಷಿ ಹೇಳಲು ಬರುತ್ತಾಳೆ. ತಾನು ನಿರಪರಾಧಿ, ಬೆಕೆಟ್ ಅಪರಾಧಿ ಎಂಬ ವಿಂಗಡಣೆಯನ್ನು ಆಕೆ ಒಪ್ಪುವುದಿಲ್ಲ. ನಮ್ಮ ಅತಿಥಿಗಳು ಆ ಒಂದು ದೃಶ್ಯವನ್ನಾದರೂ ಗಮನವಿಟ್ಟು ನೋಡಬೇಕಿತ್ತು.

ಆದರೂ ಚಿತ್ರದ ಲೆಕ್ಕಾಚಾರ ನಮ್ಮನ್ನು ಕಾಡುತ್ತದೆ. ಬಿಳಿಯ ರೋಗಿ, ಆರೋಗ್ಯವಂತ ಕರಿಯ. ಕೈಕುಲುಕಿದ್ದಕ್ಕೇ ಹೆದರಿ ಡಾಕ್ಟರ ಬಳಿಗೆ ಓಡುವವನು ಕರಿಯ. ಪೂರ್ವಗ್ರಹ ಕಳೆದುಕೊಂಡು ಮನುಷ್ಯನಾಗಬೇಕಾದವನೂ ಅವನೇ. ಕಥೆ ನಡೆಯುವ ಫಿಲಡೆಲ್ಫಿಯಾ ನಗರದಲ್ಲಿ 1990ರ ಜನಗಣತಿಯಂತೆ ಹತ್ತಿರ ಹತ್ತಿರ ಶೇಕಡಾ 40 ಮಂದಿ ಕರಿಯರು. ಹಾಗಿದ್ದೂ ಮಿಲ್ಲರನ ಮನೆಯಲ್ಲಿ, ನೆಂಟರಲ್ಲಿ, ಕೇರಿಯಲ್ಲಿ ಈ ರೋಗ ಬಂದವರು ಯಾರೂ ಇಲ್ಲವೆಂಬಂತೆ ಚಿತ್ರ ಸಾಗುತ್ತದೆ. ರೋಗ ಅವನ ಪಾಲಿಗೆ ಹೊರಗಿನಿಂದ ಬಂದ ಕಕ್ಷಿದಾರ.

ನಮ್ಮವರು ಇದನ್ನೇ ಅನುಸರಿಸಿದರು. 2004ರಲ್ಲಿ ರೇವತಿ ನಿರ್ದೇಶಿಸಿದ ಹಿಂದಿ ಚಿತ್ರ 'ಫಿರ್ ಮಿಲೇಂಗೆ' ಬೆಕೆಟ್‌ನ ಕಥೆಯ ನೆರಳಿನಲ್ಲೇ ಹುಟ್ಟಿದ್ದು. ಅಲ್ಲಿ ಕೆಲಸ ಕಳೆದುಕೊಳ್ಳುವವಳು ಜಾಹೀರಾತು ಕಂಪೆನಿಯ ದೊಡ್ಡ ಹುದ್ದೆಯಲ್ಲಿರುವ ತರುಣಿ. ಮರುವರ್ಷದ 'ಮೈ ಬ್ರದರ್ ನಿಖಿಲ್'ನಲ್ಲಿ ಗೋವಾದ ಈಜುಪಟು. ಎರಡೂ ಒಳ್ಳೆಯ ಮನಸ್ಸಿನಿಂದ ಮಾಡಿದ ಚಿತ್ರಗಳೇ. ಆದರೆ ಪ್ರೇಕ್ಷಕ ಕಣ್ಣೀರು ಹಾಕಬೇಕಾದರೆ ರೋಗಿ ತನ್ನ ವರ್ಗದವನಾಗಿರಬೇಕು, ಕಡೇಪಕ್ಷ ತಾನು ಸೇರಬಯಸುವ ವರ್ಗದವನಾಗಿರಬೇಕು ಎಂಬ ನಿಯಮ ಹಾಲಿವುಡ್‌ನಿಂದ ಮುಂಬಯಿಗೆ ಹಾಗೆಯೇ ಬಂತು. ಲಾರಿ ಚಾಲಕನ ವಿಧವೆ ಅಲ್ಲಿ ನಾಯಕಿಯಾಗಲಿಲ್ಲ.

ಅಮೆರಿಕದಲ್ಲಿ ಈ ಕಣ್ಕಟ್ಟು ಶುರುವಾದದ್ದು ಮೊದಲ ವರದಿಯಿಂದಲೇ. 1981ರ ಜೂನ್ 5ರಂದು ಪ್ರಕಟವಾದ ಆ ಪುಟ್ಟ ವರದಿಯಲ್ಲಿ ಇದ್ದದ್ದು ಲಾಸ್ ಏಂಜಲೀಸ್‌ನ ಐವರು ಯುವಕರ ಪ್ರಕರಣ. ಐವರೂ ಬಿಳಿಯರು. ಅಲ್ಲಿಂದ ಮುಂದೆ ಪತ್ರಿಕೆಗಳಲ್ಲಿ ಏಡ್ಸ್ ಎಂದರೆ ಬಿಳಿಯ ಸಲಿಂಗಿಗಳ ರೋಗ. 1986ರ ಅಕ್ಟೋಬರ್‌ನಲ್ಲಿ ಅದೇ ರೋಗ ನಿಯಂತ್ರಣ ಕೇಂದ್ರ ಇನ್ನೊಂದು ವರದಿ ಪ್ರಕಟಿಸಿತು. ಅದುವರೆಗಿನ ಏಡ್ಸ್ ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಕರಿಯರು, ರೋಗ ತಗಲಿದ ಮಕ್ಕಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಕರಿಯ ಮಕ್ಕಳು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಅಂದರೆ ಐದೇ ವರ್ಷಗಳಲ್ಲಿ ಸಂಗತಿ ಸರಕಾರದ ಮೇಜಿನ ಮೇಲಿತ್ತು. ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮಕ್ಕಳ ಮಾತು ಬಂದದ್ದರಿಂದ ಒಂದು ವಿಷಯ. ಏಡ್ಸ್ ರೋಗಿಗಳ ಆರೈಕೆಗಾಗಿ ಅಮೆರಿಕ 1990ರಲ್ಲಿ ಮಾಡಿದ ಕಾನೂನಿಗೆ ರಯಾನ್ ವೈಟ್ ಎಂಬ ಹುಡುಗನ ಹೆಸರಿದೆ. ಇಂಡಿಯಾನಾ ರಾಜ್ಯದ ಬಿಳಿಯ ಹುಡುಗ. ಹಿಮೋಫಿಲಿಯಾಕ್ಕೆ ಪಡೆದ ರಕ್ತದ ಮದ್ದಿನಿಂದ ಅವನಿಗೆ ಎಚ್‌ಐವಿ ತಗಲಿತು, ಶಾಲೆ ಅವನನ್ನು ಹೊರಗಿಟ್ಟಿತು, 18ರ ವಯಸ್ಸಿನಲ್ಲಿ ತೀರಿಕೊಂಡ. ಅವನ ಧೈರ್ಯ ದೊಡ್ಡದು, ಆ ಕಾನೂನಿನಿಂದ ಲಕ್ಷಾಂತರ ಕರಿಯರಿಗೂ ಚಿಕಿತ್ಸೆ ಸಿಕ್ಕಿದೆ. ಆದರೆ ಆ ದೇಶದ ಮನಸ್ಸು ಕರಗಲು ಬಿಳಿಯ, ನಿಷ್ಪಾಪಿ ಹುಡುಗನೊಬ್ಬನ ಮುಖ ಬೇಕಾಯಿತಲ್ಲ? ಅದೇ ಹೊತ್ತಿಗೆ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ತಾಯಿಯ ಹೊಟ್ಟೆಯಿಂದಲೇ ಸೋಂಕು ಹೊತ್ತು ಬಂದ ಕರಿಯ ಮಕ್ಕಳು ಇದ್ದರು. ಅವರ ತಪ್ಪಾದರೂ ಏನಿತ್ತು? ತಾಯಿ ಬಡವಿ, ತಾಯಿ ಮಾದಕ ವಸ್ತುವಿನ ದಾಸಿ ಎಂದು ಹೇಳಿ ಮಗುವಿನ ನಿರಪರಾಧಿತ್ವಕ್ಕೂ ಕತ್ತರಿ ಹಾಕಲಾಯಿತು.

ಅಂಥ ಒಬ್ಬಳು ಕರಿಯ ಹುಡುಗಿ ತೆರೆಯ ಮೇಲೆ ಬರಲು 2009ರವರೆಗೆ ಕಾಯಬೇಕಾಯಿತು. ಸಫಾಯರ್ ಅವರ 'ಪುಶ್' ಕಾದಂಬರಿಯನ್ನು ಆಧರಿಸಿ ಲೀ ಡೇನಿಯಲ್ಸ್ ಮಾಡಿದ 'ಪ್ರೆಶಸ್' ಚಿತ್ರದ ನಾಯಕಿಗೆ 16 ವರ್ಷ. ನ್ಯೂಯಾರ್ಕಿನ ಹಾರ್ಲೆಮ್, 1987ನೇ ಇಸವಿ. ಹೆತ್ತ ತಂದೆಯೇ ಅವಳನ್ನು ಕೆಡಿಸಿದ್ದಾನೆ; ಎರಡನೆಯ ಮಗು ಹೊಟ್ಟೆಯಲ್ಲಿದೆ. ಹುಟ್ಟಿದ ಮಗುವಿಗೆ ಅವಳು ಇಡುವ ಹೆಸರು ಅಬ್ದುಲ್. ಚಿತ್ರದ ಕೊನೆಕೊನೆಗೆ ತಂದೆ ಏಡ್ಸ್‌ನಿಂದ ಸತ್ತ ಸುದ್ದಿ ಬರುತ್ತದೆ, ತನಗೂ ಸೋಂಕು ಇದೆ ಎಂಬುದು ಅವಳಿಗೆ ತಿಳಿಯುತ್ತದೆ. ಗಾಬೊರೆ ಸಿಡಿಬೆಯ ಅಭಿನಯವನ್ನು ಮರೆಯಲಾಗದು.

ಆದರೆ ಈ ಚಿತ್ರದ ಬಗ್ಗೆ ಕರಿಯರಲ್ಲೇ ಭಿನ್ನಾಭಿಪ್ರಾಯವಿತ್ತು. ಹಿರಿಯ ಲೇಖಕ ಇಶ್ಮಾಯೆಲ್ ರೀಡ್ ಅದನ್ನು ಕಟುವಾಗಿ ಟೀಕಿಸಿದರು. ಕೆಲವರ ಕೃತ್ಯವನ್ನು ಇಡೀ ಸಮುದಾಯದ ತಲೆಗೆ ಕಟ್ಟುವ ಚಿತ್ರ ಎಂಬುದು ಅವರ ಆಕ್ಷೇಪ. ನಮಗೆ ಆ ಆಕ್ಷೇಪ ಪೂರ್ತಿ ಒಪ್ಪಿಗೆಯಲ್ಲ. ಒಂದು ಮನೆಯ ನರಕವನ್ನು ಹೇಳುವ ಹಕ್ಕು ಕಲಾವಿದರಿಗಿದೆ. ಆದರೆ ಇನ್ನೊಂದು ಕೊರತೆ ನಮಗೆ ಕಾಣುತ್ತದೆ. ಪ್ರೆಶಸ್‌ಳ ಸೋಂಕಿಗೆ ಚಿತ್ರ ಕೊಡುವ ಕಾರಣ ಒಂದೇ: ಒಬ್ಬ ರಾಕ್ಷಸ ತಂದೆ. ಹಾರ್ಲೆಮ್‌ನಲ್ಲಿ ಆ ಹೊತ್ತಿಗೆ ಯಾಕೆ ಅಷ್ಟೊಂದು ಸೋಂಕು ಇತ್ತು ಎಂಬ ಪ್ರಶ್ನೆ ತೆರೆಯ ಅಂಚಿಗೂ ಬರುವುದಿಲ್ಲ. ಬಿಳಿಯರ ಚಿತ್ರದಲ್ಲಿ ರೋಗಿಯ ಎದುರಾಳಿ ಕಂಪೆನಿ, ಕಾನೂನು, ಸಮಾಜ. ಕರಿಯರ ಚಿತ್ರದಲ್ಲಿ ಅವರದೇ ತಂದೆ ತಾಯಿ.

ಯಾಕೆ ಎಂಬ ಆ ಪ್ರಶ್ನೆಯನ್ನು ಎತ್ತಿಕೊಂಡದ್ದು ಒಂದು ಸಾಕ್ಷ್ಯಚಿತ್ರ. ರೆನಾಟಾ ಸೈಮನ್ ನಿರ್ದೇಶಿಸಿದ 'ಎಂಡ್‌ಗೇಮ್: ಏಡ್ಸ್ ಇನ್ ಬ್ಲ್ಯಾಕ್ ಅಮೆರಿಕ' 2012ರ ಜುಲೈಯಲ್ಲಿ ಅಲ್ಲಿನ ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾಯಿತು. ಎರಡು ಗಂಟೆಯ ಈ ಚಿತ್ರಕ್ಕೆ ಆಸ್ಕರ್ ಬರಲಿಲ್ಲ, ನಮ್ಮ ಕಾಲೇಜುಗಳಿಗೂ ಅದು ಬರಲಿಲ್ಲ. ಆದರೆ ಅದರೊಳಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಹುಟ್ಟುವಾಗಲೇ ಸೋಂಕಿದ್ದು ಬದುಕಿ ದೊಡ್ಡವರಾದ ತರುಣರಿದ್ದಾರೆ. ಎಚ್‌ಐವಿ ಎಂದರೇನೆಂದು ತಿಳಿಯುವಷ್ಟರಲ್ಲಿ ಕಾಲ ಮೀರಿದ್ದ ಹೈಸ್ಕೂಲಿನ ಫುಟ್ಬಾಲ್ ಆಟಗಾರನಿದ್ದಾನೆ. 63 ವರ್ಷದ ಅಜ್ಜಿಯೊಬ್ಬರಿದ್ದಾರೆ. ಅವರು ತಮ್ಮ ಚರ್ಚಿನ ಸೇವಕರೊಬ್ಬರನ್ನೇ ಮದುವೆಯಾಗಿದ್ದರು. ಮುಂದೊಂದು ದಿನ ಗಂಡನ ಬೈಬಲ್‌ನ ಪುಟಗಳ ನಡುವೆ ಅವನಿಗೆ ಎಚ್‌ಐವಿ ಇರುವುದನ್ನು ತಿಳಿಸುವ ಕಾಗದ ಸಿಗುತ್ತದೆ. ಧರ್ಮಗ್ರಂಥದೊಳಗೆ ಅಡಗಿಸಿಟ್ಟ ಆ ಕಾಗದದ ಮುಂದೆ ನಮ್ಮ ಅತಿಥಿಗಳ ಶೀಲದ ಪಾಠ ಏನು ಹೇಳುತ್ತದೆ? ಆ ಅಜ್ಜಿ ಶೀಲವಂತೆಯಲ್ಲವೆ?

ವಯಸ್ಸಾದವರ ವಿಷಯವನ್ನು ನಾವು ಬೇಗ ಮರೆಯುತ್ತೇವೆ. ಅಮೆರಿಕದಲ್ಲಿ ಇಂದು ಎಚ್‌ಐವಿ ಇದೆಯೆಂದು ಗೊತ್ತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 50 ದಾಟಿದವರು. ಮದ್ದಿನಿಂದ ಆಯಸ್ಸು ಹೆಚ್ಚಿತು, ಸಂತೋಷ. ಆದರೆ ಹೊಸದಾಗಿ ಸೋಂಕು ತಗಲಿದ ಹಿರಿಯರಲ್ಲಿ ಬಹಳ ಮಂದಿಗೆ ಅದು ತಿಳಿಯುವುದು ರೋಗ ಬಲಿತ ಮೇಲೆ. ಅಜ್ಜಿಗೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕೆಂದು ಯಾವ ಡಾಕ್ಟರಿಗೆ ಹೊಳೆಯುತ್ತದೆ? ಹೊಸ ಸೋಂಕುಗಳ ಲೆಕ್ಕ ಬೇರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು 13ರಿಂದ 34 ವರ್ಷದವರದು. ಹೀಗೆ ಒಂದು ತುದಿಯಲ್ಲಿ ಯಾರೂ ಪರೀಕ್ಷಿಸದ ಮುದುಕರು, ಇನ್ನೊಂದು ತುದಿಯಲ್ಲಿ ಡಾಕ್ಟರ ಮುಖವನ್ನೇ ನೋಡದ ಹುಡುಗರು.

ಇನ್ನು ಯಾಕೆ ಎಂಬುದಕ್ಕೆ ಬರೋಣ. ಕರಿಯರ ನಡತೆಯೇ ಸರಿಯಿಲ್ಲ ಎಂಬುದು ಎಲ್ಲರ ನಾಲಿಗೆಯ ತುದಿಯಲ್ಲಿರುವ ಉತ್ತರ. ಈ ಉತ್ತರವನ್ನು ಸಂಶೋಧಕರು ಪರೀಕ್ಷೆಗೆ ಹಚ್ಚಿದ್ದಾರೆ. ಗ್ರೆಗೊರಿ ಮಿಲೆಟ್ ಮತ್ತು ಸಂಗಡಿಗರು 2006ರಲ್ಲಿ, ಮತ್ತೆ 2012ರಲ್ಲಿ, ಅದುವರೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ ನೋಡಿದರು. ಕರಿಯ ಸಲಿಂಗಿಗಳು ಬಿಳಿಯ ಸಲಿಂಗಿಗಳಿಗಿಂತ ಹೆಚ್ಚು ಅಪಾಯದ ನಡತೆಯವರಲ್ಲ, ಅವರ ಸಂಗಾತಿಗಳ ಸಂಖ್ಯೆಯೂ ಹೆಚ್ಚಿಲ್ಲ ಎಂಬುದು ಕಂಡುಬಂತು. ನಡತೆ ಹೆಚ್ಚುಕಡಿಮೆ ಒಂದೇ, ಸೋಂಕು ಮಾತ್ರ ಹಲವು ಪಟ್ಟು. ಸಲಿಂಗ ಸಂಬಂಧದ ಬಗ್ಗೆ ನಮ್ಮ ಓದುಗರ ಧಾರ್ಮಿಕ ನಿಲುವು ಏನೇ ಇರಲಿ, ಈ ಸತ್ಯವನ್ನು ದಾಟಿ ಹೋಗುವಂತಿಲ್ಲ.

ಹಾಗಾದರೆ ಅಂತರ ಬಂದದ್ದು ಎಲ್ಲಿಂದ? ಊರಿನ ಬಾವಿಯೊಂದು ಕೆಟ್ಟಿದೆ ಎಂದಿಟ್ಟುಕೊಳ್ಳಿ. ಆ ಬಾವಿಯ ನೀರು ಕುಡಿಯುವ ಮನೆಯವರು ಎಷ್ಟೇ ಶುಚಿಯಾಗಿದ್ದರೂ ಕಾಯಿಲೆ ಬೀಳುತ್ತಾರೆ. ಬೇರೆ ಬಾವಿಯವರು ಸ್ವಲ್ಪ ಅಜಾಗರೂಕರಾಗಿದ್ದರೂ ಪಾರಾಗುತ್ತಾರೆ. ಎಚ್‌ಐವಿಯಲ್ಲೂ ಹಾಗೆಯೇ. ಸರಿಯಾಗಿ ಮದ್ದು ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವನಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಎಲ್ಲಿ ವಿಮೆಯಿಲ್ಲವೋ, ಹತ್ತಿರ ಕ್ಲಿನಿಕ್ ಇಲ್ಲವೋ, ಪರೀಕ್ಷೆ ಮಾಡಿಸಿದರೆ ಗುಟ್ಟು ಊರಿಗೆಲ್ಲ ಗೊತ್ತಾಗುವ ಭಯವಿದೆಯೋ ಅಲ್ಲಿ ಮದ್ದಿಲ್ಲದ ಸೋಂಕಿತರು ಹೆಚ್ಚು. ಆ ವಲಯದೊಳಗೇ ಮದುವೆಯಾಗುವ, ಸಂಬಂಧ ಬೆಳೆಸುವ ಯಾರಿಗೇ ಆದರೂ ಒಂದೇ ಒಂದು ತಪ್ಪು ಹೆಜ್ಜೆ ಸಾಕು, ಕೆಲವೊಮ್ಮೆ ಅದೂ ಬೇಡ.

ಮೇಲಿನಿಂದ ಸರಕಾರದ ನಿರ್ಧಾರಗಳು. ಮಾದಕ ವ್ಯಸನಿಗಳಿಗೆ ಶುದ್ಧ ಸೂಜಿ ಕೊಡುವ ಕೆಲಸಕ್ಕೆ ಅಮೆರಿಕದ ಕೇಂದ್ರ ಸರಕಾರದ ಹಣ ಬಳಸಬಾರದೆಂದು 1988ರಲ್ಲಿ ನಿಷೇಧ ಬಂತು. ಮಾದಕ ವಸ್ತುವಿನ ವಿರುದ್ಧ ಸಮರದ ಹೆಸರಿನಲ್ಲಿ ಕರಿಯ ಗಂಡಸರನ್ನು ಸಾಲುಸಾಲಾಗಿ ಜೈಲಿಗೆ ತುಂಬಲಾಯಿತು. ಕೇರಿಯಲ್ಲಿ ಗಂಡಸರೇ ಕಡಿಮೆಯಾದಾಗ ಸಂಸಾರಗಳ ಗತಿ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ದೇಶದ ಶೇಕಡಾ 38ರಷ್ಟು ಜನರಿದ್ದಾರೆ. ಹೊಸ ಸೋಂಕಿನ ಅರ್ಧದಷ್ಟು ಅಲ್ಲಿಯದೇ. ಬಡವರ ವೈದ್ಯಕೀಯ ವಿಮೆಯ ವಿಸ್ತರಣೆಯನ್ನು ಒಪ್ಪದ ರಾಜ್ಯಗಳಲ್ಲಿ ಹೆಚ್ಚಿನವೂ ಅಲ್ಲೇ ಇವೆ.

ಸ್ವತಃ ಕರಿಯರೇ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ ಎಂಬ ದೂರೂ ಇದೆ. ಹಿಂಜರಿಯದೆ ಇರುತ್ತಾರೆಯೆ? ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಕರಿಯ ಗಂಡಸರಿಗೆ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತಿತು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ. ಆ ಅಜ್ಜಂದಿರ ಮೊಮ್ಮಕ್ಕಳಿಗೆ ಬಿಳಿ ಕೋಟು ಕಂಡರೆ ಅನುಮಾನ ಮೂಡುವುದನ್ನು ಅಜ್ಞಾನ ಎನ್ನಲು ನಮ್ಮಿಂದಾಗದು.

1996ರಲ್ಲಿ ಮೂರು ಮದ್ದುಗಳ ಚಿಕಿತ್ಸೆ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ 'ನ್ಯೂಸ್‌ವೀಕ್' ಮುಖಪುಟದಲ್ಲಿ ಏಡ್ಸ್ ಕೊನೆಗೊಂಡಿತೇ ಎಂದು ಕೇಳಿತು. ವರದಿಯಾದ ಹೊಸ ಏಡ್ಸ್ ಪ್ರಕರಣಗಳಲ್ಲಿ ಕರಿಯರ ಸಂಖ್ಯೆ ಬಿಳಿಯರದ್ದನ್ನು ಮೀರಿದ್ದೂ ಅದೇ ವರ್ಷ. ಯಾರ ಪಾಲಿಗೆ ಕೊನೆ, ಯಾರ ಪಾಲಿಗೆ ಆರಂಭ? ಸೋಂಕು ತಗಲದಂತೆ ಮುಂಚಿತವಾಗಿ ನುಂಗುವ ಗುಳಿಗೆಗೆ 2012ರಲ್ಲಿ ಅನುಮತಿ ಸಿಕ್ಕಿತು. ಅದರ ಕಥೆಯೂ ಇದೇ. ಆ ಗುಳಿಗೆಯಿಂದ ಪ್ರಯೋಜನವಾಗಬಹುದಾದ ಬಿಳಿಯರಲ್ಲಿ 2021ರ ವೇಳೆಗೆ ಶೇಕಡಾ 78ರಷ್ಟು ಮಂದಿಗೆ ಡಾಕ್ಟರರು ಅದನ್ನು ಬರೆದುಕೊಟ್ಟಿದ್ದರು. ಕರಿಯರಲ್ಲಿ ಶೇಕಡಾ 11 ಮಂದಿಗೆ.

ನಡತೆಯ ವಾದ ಅಮೆರಿಕದ ಗಡಿಯೊಳಗೇ ಉಳಿಯಲಿಲ್ಲ. ಆಫ್ರಿಕದಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗ, 2001ರಲ್ಲಿ, ಅಮೆರಿಕದ ವಿದೇಶಿ ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ನಾಟ್ಸಿಯೋಸ್, ಆಫ್ರಿಕನ್ನರಿಗೆ ಗಡಿಯಾರದ ಸಮಯ ತಿಳಿಯದು, ಹೊತ್ತಿಗೆ ಸರಿಯಾಗಿ ಮದ್ದು ನುಂಗಲಾರರು ಎಂಬ ಅರ್ಥದ ಮಾತನ್ನಾಡಿದರು. ನೆರಳು ಅಳೆದು ನಮಾಝಿನ ಹೊತ್ತು ಹೇಳುತ್ತಿದ್ದ ನಮ್ಮ ಹಿರಿಯರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿತು: ಮದ್ದನ್ನು ಕ್ರಮತಪ್ಪದೆ ತೆಗೆದುಕೊಳ್ಳುವುದರಲ್ಲಿ ಆಫ್ರಿಕದ ರೋಗಿಗಳು ಉತ್ತರ ಅಮೆರಿಕದವರಿಗಿಂತ ಮುಂದಿದ್ದರು. ಅಡ್ಡಿಯಾಗಿದ್ದದ್ದು ಗಡಿಯಾರವಲ್ಲ, ಬೆಲೆ. ವರ್ಷಕ್ಕೆ 10,000 ಡಾಲರಿಗೂ ಮೇಲಿದ್ದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇನೆಂದು ಸಿಪ್ಲಾದ ಯೂಸುಫ್ ಹಮೀದ್ ಮುಂದೆ ಬಂದದ್ದು 2001ರ ಫೆಬ್ರವರಿಯಲ್ಲಿ. ಡೈಲನ್ ಮೋಹನ್ ಗ್ರೇ ಅವರ 'ಫೈರ್ ಇನ್ ದ ಬ್ಲಡ್' ಎಂಬ ಸಾಕ್ಷ್ಯಚಿತ್ರದಲ್ಲಿ ಈ ಹೋರಾಟದ ಕಥೆಯಿದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಿ ನೋಡಬೇಕು. 1980ರ ದಶಕದಲ್ಲಿ ಹೈಟಿಯವರನ್ನು ಒಂದು ಇಡೀ ರಾಷ್ಟ್ರವಾಗಿಯೇ ಏಡ್ಸ್‌ನ ಅಪಾಯದ ಪಟ್ಟಿಗೆ ಸೇರಿಸಿದ್ದರು. ಅವರ ರಕ್ತದಾನವನ್ನೇ ನಿಷೇಧಿಸಿದಾಗ, 1990ರ ಏಪ್ರಿಲ್‌ನಲ್ಲಿ, ಸಾವಿರಾರು ಹೈಟಿಯನ್ನರು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮೇಲೆ ಮೆರವಣಿಗೆ ನಡೆಸಿದರು. ಅವರ ಸಂಕಟ ನಮಗೆ ಅರ್ಥವಾಗದ್ದೇನಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾಕ್ಕೆ ಒಂದು ಸಮುದಾಯದ ಹೆಸರಿಟ್ಟು, ತರಕಾರಿ ಗಾಡಿಯವನ ಹೆಸರು ಕೇಳಿ ಓಡಿಸಿದ ದಿನಗಳನ್ನು ನಾವು ಕಂಡಿದ್ದೇವೆ. ರೋಗಕ್ಕೆ ಜಾತಿ ಕಟ್ಟುವುದು ಎಂಥ ಅನ್ಯಾಯವೆಂದು ಅಂದು ನಾವು ಬರೆದೆವು, ಮಾತನಾಡಿದೆವು. ಅದೇ ನಾವು ಏಡ್ಸ್ ಎಂದಾಗ ಮಾತ್ರ ವೇದಿಕೆಯ ಮೇಲೂ ಮಿಂಬರಿನ ಮೇಲೂ ಪಾಪದ ಫಲ ಎಂಬ ಒಂದೇ ಸಾಲಿನಲ್ಲಿ ಮಾತು ಮುಗಿಸುತ್ತೇವೆ. ಗಂಡನಿಂದ ಸೋಂಕು ಪಡೆದು, ಗಂಡ ತೀರಿದ ಮೇಲೆ ಅವನ ಮನೆಯಿಂದ ಹೊರಬಿದ್ದ ಹೆಣ್ಣು ಆ ಸಾಲನ್ನು ಪರದೆಯ ಆಚೆಯಿಂದ ಕೇಳಿಸಿಕೊಳ್ಳುತ್ತಿರಬಹುದು ಎಂದು ನಮಗೆ ಹೊಳೆಯುವುದಿಲ್ಲ. ಸಂಯಮವನ್ನು ಬೋಧಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಸೋಂಕಿತರ ಪಟ್ಟಿಯನ್ನು ಪಾಪಿಗಳ ಪಟ್ಟಿ ಎಂದು ಓದುವುದು ತಪ್ಪು. ಲೆಕ್ಕವೂ ಅದನ್ನು ಒಪ್ಪುವುದಿಲ್ಲ.

ಈಗ ವರ್ಷಕ್ಕೆ ಎರಡೇ ಬಾರಿ ಚುಚ್ಚಿಸಿಕೊಂಡರೆ ಸೋಂಕು ತಡೆಯುವ ಲೆನಕಾಪವಿರ್ ಎಂಬ ಮದ್ದು ಬಂದಿದೆ. ದಕ್ಷಿಣ ಆಫ್ರಿಕ ಮತ್ತು ಉಗಾಂಡದ ಹದಿಹರೆಯದ ಹುಡುಗಿಯರೂ ಯುವತಿಯರೂ ಅದರ ಪ್ರಯೋಗಕ್ಕೆ ಒಡ್ಡಿಕೊಂಡರು. ಆ ಚುಚ್ಚುಮದ್ದು ಪಡೆದ 2,134 ಮಂದಿಯಲ್ಲಿ ಒಬ್ಬಳಿಗೂ ಸೋಂಕು ತಗಲಲಿಲ್ಲ ಎಂಬ ಫಲಿತಾಂಶ 2024ರಲ್ಲಿ ಹೊರಬಂತು. 2025ರ ಜೂನ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಾಗ ಅಲ್ಲಿ ಅದರ ಬೆಲೆ ವರ್ಷಕ್ಕೆ 28,000 ಡಾಲರಿಗೂ ಹೆಚ್ಚು. ಅದೇ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪೆನಿಗಳ ಮೂಲಕ 2027ರಿಂದ 120 ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಅದನ್ನು ಒದಗಿಸುವ ಘೋಷಣೆ ಹೊರಬಿತ್ತು. ಬಡ ದೇಶಗಳ ಆ ಪಟ್ಟಿಯಲ್ಲಿ ಅಮೆರಿಕ ಸಹಜವಾಗಿಯೇ ಇಲ್ಲ. ಹಾಗಾಗಿ ಮಿಸಿಸಿಪ್ಪಿಯಲ್ಲಿ ವಿಮೆಯಿಲ್ಲದ ಕರಿಯ ಹುಡುಗನಿಗೆ ಆ 40 ಡಾಲರಿನ ದರ ಅನ್ವಯಿಸುವುದಿಲ್ಲ.

ಮುಂದಿನ ಡಿಸೆಂಬರ್ 1ಕ್ಕೆ ಚಿತ್ರ ಆರಿಸುವ ಕಾಲೇಜಿನವರು 'ಫಿಲಡೆಲ್ಫಿಯಾ'ವನ್ನು ತೋರಿಸಲಿ, ಬೇಡವೆನ್ನುವುದಿಲ್ಲ. ಜೊತೆಗೆ 'ಎಂಡ್‌ಗೇಮ್' ಚಿತ್ರದ ಆ ಅಜ್ಜಿಯ ಭಾಗವನ್ನಾದರೂ ತೋರಿಸಲಿ. ಹಿಂದಿನ ಸಾಲಿನಿಂದ ಯಾರಾದರೂ ಕೈ ಎತ್ತಿದರೆ ಈ ಬಾರಿ ನಗದೆ ಉತ್ತರಿಸಲಿ.